ಅಳಿಯನ ಥಿಯೇಟರಿಗೊಂದು ಪ್ಲೇಯರ್

"ನಮ್ಮ ಅಳಿಯಂದ್ರು ವರದಕ್ಷಿಣೆ ಅಂತ ಒಂದ್ ಪೈಸೆ ಮುಟ್ಟಲ್ಲ ಕಣಮ್ಮ," ಎಂದು ಸಾಹುಕಾರರು ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಚಳ್ಳಕೆರೆಯ ಅರ್ಧ ಬೀದಿಗೆ ಕೇಳುವಂತೆ ಹೇಳಿದರು. ಒಳಗೆ ಬಂದು ಕುರ್ಚಿಯಲ್ಲಿ ಕುಳಿತ ಮೇಲೆ ದನಿ ಇಳಿಯಿತು. "ಬಳ್ಳಾರಿ ಮನೇಲಿ ಥಿಯೇಟರ್ ರೂಮು ಅಂತ ಕಟ್ಟಿಸ್ತಾ ಅವ್ರೆ. ಅದಕ್ಕೊಂದು ಒಳ್ಳೆ ಪ್ಲೇಯರ್ ಮಾಡಿಸ್ಕೊಡಿ, ಅಷ್ಟೇ ಸಾಕು ಅಂದ್ರು. ಕಂಪ್ಯೂಟರಿಂದು ಬರುತ್ತಂತಲ್ಲ, ಅದು."

ಅಷ್ಟೇ ಸಾಕು ಎಂಬ ಮಾತನ್ನು ಹೇಳುವವರಿಗೆ ಎಂದೂ ಅಷ್ಟು ಸಾಕಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಒಪ್ಪಿಕೊಂಡೆ. ಸಾಹುಕಾರರ ಎಣ್ಣೆ ಮಿಲ್ಲಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ನಾನೇ. ಕಂಪ್ಯೂಟರ್ ಜೋಡಿಸಿ ರಿಪೇರಿ ಮಾಡುವ ನನ್ನ ಪುಟ್ಟ ಅಂಗಡಿ ಆ ಮಿಲ್ಲಿನ ಆಸರೆಯಲ್ಲೇ ನಿಂತಿತ್ತು.

ಅದಿರಿನ ಲಾರಿಗಳು ನಮ್ಮ ರಸ್ತೆಗಳನ್ನೆಲ್ಲ ಕೆಂಪು ಮಾಡಿದ್ದ ವರ್ಷಗಳವು. ಬಳ್ಳಾರಿ ಕಡೆ ಒಂದು ಲಾರಿ ಇದ್ದವನು ನೋಡನೋಡುತ್ತ ಸಾಲು ಲಾರಿಗಳ ಧಣಿಯಾಗುತ್ತಿದ್ದ. ಸಾಹುಕಾರರು ಹುಡುಕಿದ್ದ ಅಳಿಯ ಅಂಥದೊಂದು ಮನೆಯ ಒಬ್ಬನೇ ಮಗ. ನಿಶ್ಚಿತಾರ್ಥ ಮುಗಿದಿತ್ತು. ತಲೆಮಾರುಗಳಿಂದ ಶೇಂಗಾ ಅರೆದು ಬಂದ ಸಾಹುಕಾರರಿಗೆ ಆ ಹೊಸ ದುಡ್ಡಿನ ಮುಂದೆ ನಿಂತಾಗ ತಮ್ಮ ಹಳೆಯ ದುಡ್ಡಿನಿಂದ ಹಿಂಡಿಯ ವಾಸನೆ ಬರುತ್ತಿದೆ ಅನ್ನಿಸುತ್ತಿತ್ತೇನೋ. ಆ ಹುಡುಗನ ಮಾತು ಬಂದಾಗಲೆಲ್ಲ ಅವರ ಬೆನ್ನು ತಾನಾಗಿ ಬಾಗುತ್ತಿತ್ತು.

ಕೆಲಸ ನನಗೆ ಕಷ್ಟದ್ದೇನಾಗಿರಲಿಲ್ಲ. ಟಿ.ವಿ.ಗೆ ಜೋಡಿಸುವ ಕಂಪ್ಯೂಟರು. ಡಿ.ವಿ.ಡಿ. ಡಿಸ್ಕು ಹಾಕಿದರೂ ಓಡಬೇಕು, ಹಾರ್ಡ್ ಡಿಸ್ಕಿನಲ್ಲಿ ತುಂಬಿಟ್ಟ ಸಿನಿಮಾಗಳನ್ನೂ ರಿಮೋಟು ಒತ್ತಿದರೆ ತೋರಿಸಬೇಕು. ಇಂಥದ್ದಕ್ಕೆ ಶಕ್ತಿ ಹೆಚ್ಚು ಬೇಡ, ಸದ್ದು ಇರಬಾರದು. ಮೇಜಿನ ಕೆಳಗಿಟ್ಟ ಕಂಪ್ಯೂಟರಿನ ಫ್ಯಾನು ಗುರ್ ಎಂದರೆ ಯಾರಿಗೂ ತೊಂದರೆಯಿಲ್ಲ. ಸಿನಿಮಾ ನೋಡುವ ಕೋಣೆಯಲ್ಲಿ ಅದೇ ಫ್ಯಾನು ಪಕ್ಕದಲ್ಲಿ ಕೂತು ಗೊರಕೆ ಹೊಡೆಯುವವನ ಹಾಗೆ. ಸದ್ದು ಬೇಡವೆಂದರೆ ಬಿಸಿ ಕಡಿಮೆಯಿರಬೇಕು. ಬಿಸಿ ಕಡಿಮೆಯಾಗಬೇಕೆಂದರೆ ಪ್ರೊಸೆಸರು ಕಡಿಮೆ ಕರೆಂಟು ಕುಡಿಯುವಂಥದ್ದಾಗಬೇಕು. ನಮ್ಮ ಸೀಮೆಯ ಬೇಸಿಗೆಯಲ್ಲಂತೂ ಇದರಲ್ಲಿ ಚೌಕಾಶಿಯಿಲ್ಲ.

ಇದನ್ನೇ ಭಾವಿ ಅಳಿಯನಿಗೆ ಹೇಳೋಣವೆಂದು ಫೋನು ಮಾಡಿದೆ.

"ಚಳ್ಳಕೆರೆ ಕಂಪ್ಯೂಟರ್ ಅಂಗಡೀನಾ? ನಿಮ್ ಮೆಕ್ಯಾನಿಕ್‌ಗೆ ಕೊಡಮ್ಮಾ ಫೋನು," ಎಂದ.

"ಮೆಕ್ಯಾನಿಕ್ ನಾನೇ. ಹೇಳಿ."

ಅತ್ತ ನಗು ಕೇಳಿಸಿತು. ಪಕ್ಕದಲ್ಲಿದ್ದವರಿಗೂ ಹೇಳಿ ನಗಿಸಿದ. ಆಮೇಲೆ ತನಗೇನು ಬೇಕೆಂದು ಒಪ್ಪಿಸತೊಡಗಿದ. ಮಾರ್ಕೆಟಿನಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರೊಸೆಸರು. ಗ್ರಾಫಿಕ್ಸ್ ಕಾರ್ಡು ಒಂದಲ್ಲ, ಜೋಡಿ. ಪಕ್ಕಕ್ಕೆ ಗಾಜಿರುವ ಕ್ಯಾಬಿನೆಟ್ಟು, ಒಳಗೆ ನೀಲಿ ಲೈಟು. "ಬಂದೋರು ನೋಡಿದ ತಕ್ಷಣ ಬಾಯಿ ಬಿಡಬೇಕು," ಎಂದ.

"ಜೋಡಿ ಕಾರ್ಡು ಗೇಮ್ ಆಡೋರಿಗೆ. ಸಿನಿಮಾಕ್ಕೆ ಅದರಿಂದ ಏನೂ ಆಗಲ್ಲ, ಕಾಯುತ್ತೆ ಅಷ್ಟೆ. ನೀವು ಆಟ ಆಡ್ತೀರಾ?"

"ಆಡಲ್ಲ."

"ಮತ್ತೆ ಯಾಕೆ?"

"ನೋಡಮ್ಮಾ, ನಿಮ್ ಚಳ್ಳಕೆರೇಲಿ ಇದೆಲ್ಲ ಅರ್ಥ ಆಗಲ್ಲ. ಹೇಳಿದ್ದು ಹಾಕ್ಬಿಡು," ಎಂದು ಫೋನಿಟ್ಟ.

ಬಳ್ಳಾರಿಯೇನು ಪ್ಯಾರಿಸ್ಸೇ? ನಮ್ಮೂರಿಂದ ಬಸ್ಸು ಹತ್ತಿ ಒಂದು ನಿದ್ದೆ ಮಾಡಿದರೆ ಬಳ್ಳಾರಿ. ಆದರೆ ಅವನ ಮಾತಿನಲ್ಲಿ ನಡುವೆ ಒಂದು ಸಮುದ್ರವೇ ಇದ್ದಂತಿತ್ತು. ಆಮೇಲೆ ವಾರವಾರ ಅವನ ಆಸೆ ಬದಲಾಗುತ್ತಿತ್ತು. ಒಮ್ಮೆ ನೀರಿನಿಂದ ತಂಪು ಮಾಡುವ ವ್ಯವಸ್ಥೆ ಬೇಕೆಂದ. ನೀರು ಸೋರಿದರೆ ಬೋರ್ಡು ಸತ್ತಂತೆ ಎಂದೆ. ಹಾಗಾದರೆ ಫ್ಯಾನುಗಳನ್ನೇ ಜಾಸ್ತಿ ಹಾಕು, ಅವುಗಳಲ್ಲೂ ಲೈಟು ಇರಲಿ ಎಂದ. ನಾನು ಸಾಹುಕಾರರ ಹತ್ತಿರ ಹೋಗಿ ಇದು ದುಡ್ಡು ದಂಡ ಎಂದು ಬಿಡಿಸಿ ಹೇಳಿದೆ.

"ಅವರು ತಿಳಿದೋರು ಕಣಮ್ಮ. ನೀನು ಅವರ ಮಾತಿಗೆ ಅಡ್ಡ ಬರಬೇಡ," ಎಂದರು ಸಾಹುಕಾರರು. ಲೆಕ್ಕದಲ್ಲಿ ಒಂದು ಟಿನ್ನು ಎಣ್ಣೆ ವ್ಯತ್ಯಾಸ ಬಂದರೆ ಗುಮಾಸ್ತನನ್ನು ನಿಲ್ಲಿಸಿ ಬೆವರಿಳಿಸುವ ಮನುಷ್ಯ ಇವರು. ಅಳಿಯನ ಬಾಯಿಂದ ಬಂದದ್ದಕ್ಕೆ ಮಾತ್ರ ತೂಕವೂ ಇಲ್ಲ, ಅಳತೆಯೂ ಇಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿ ಎಲ್ಲ ತಂದೆ. ಹೇಳಿದ್ದನ್ನು ಹೇಳಿದಂತೆಯೇ ಜೋಡಿಸಿದೆ. ಹಾಡಹಗಲಲ್ಲೇ ದೀಪಾವಳಿಯಂತೆ ಬೆಳಗುವ ಡಬ್ಬ ತಯಾರಾಯಿತು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಒಂದು ಡಿಸ್ಕು ಹಾಕಿ ಓಡಲು ಬಿಟ್ಟೆ. ಹೊಡೆದಾಟದ ದೃಶ್ಯಗಳಲ್ಲಿ ಗೊತ್ತಾಗಲಿಲ್ಲ. ಇಬ್ಬರು ಮೆಲ್ಲಗೆ ಮಾತಾಡುವ ದೃಶ್ಯ ಬಂದಾಗ ಫ್ಯಾನುಗಳ ಮೊರೆತವೊಂದೇ ಕೇಳಿಸಿತು. ಸಿನಿಮಾ ಮುಗಿಯುವ ಮೊದಲೇ ಪ್ರೊಸೆಸರು ಕಾದು, ಡಬ್ಬ ತನ್ನಷ್ಟಕ್ಕೆ ಆಫ್ ಆಯಿತು. ಪ್ರೊಸೆಸರಿನ ಬಿಸಿ ಎಳೆದುಕೊಳ್ಳುವ ಹೀಟ್‌ಸಿಂಕನ್ನು ಬಿಚ್ಚಿ ಅದರ ಪೇಸ್ಟು ಬದಲಿಸಿದೆ, ವೈರುಗಳನ್ನು ಬದಿಗೆ ಕಟ್ಟಿ ಗಾಳಿಗೆ ದಾರಿ ಬಿಟ್ಟೆ. ಆಫ್ ಆಗುವುದು ನಿಂತಿತು, ಗದ್ದಲ ಮಾತ್ರ ಹೆಚ್ಚಾಯಿತು.

ಅದೇ ಹೊತ್ತಿಗೆ ಸಾಹುಕಾರರ ಮಗಳು ಅಂಗಡಿಗೆ ಬಂದಳು. ಊರಿನ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದ ಹುಡುಗಿ. ಪ್ರಿಂಟರಿನ ಕಾರ್ಟ್ರಿಡ್ಜು ತುಂಬಿಸಲು ಬಂದವಳು ಡಬ್ಬವನ್ನು ನೋಡುತ್ತ ನಿಂತಳು. ಅವಳ ಬಗ್ಗೆಯೂ ನನಗೆ ಹೇಳಿಕೊಳ್ಳುವಂಥ ಅಭಿಪ್ರಾಯವೇನೂ ಇರಲಿಲ್ಲ. ಅಪ್ಪ ಕೊಡಿಸುವುದು, ಗಂಡ ಕೇಳುವುದು, ನಡುವೆ ಈಕೆ ಸುಮ್ಮನೆ ಸಾಗಿಹೋಗುವುದು; ಅಂಥವರನ್ನು ಬೇಕಾದಷ್ಟು ನೋಡಿದ್ದೆ.

"ಇದೇನಾ ಅಕ್ಕಾ ನಮ್ಮದು?" ಎಂದಳು.

"ನಿಮ್ಮದಲ್ಲ, ಅವರದು."

ಅವಳು ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಳು. "ಮಿಲ್ ಒಳಗೆ ನಿಂತಂಗೆ ಐತಲ್ಲ. ಇದರಾಗೆ ಯಾರಾದ್ರೂ ಮೆತ್ತಗೆ ಮಾತಾಡಿದ್ರೆ ಹೆಂಗೆ ಕೇಳ್ಸುತ್ತೆ?"

ಅಷ್ಟು ದಿನಗಳಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಕೇಳಿಸಲ್ಲ ಎಂದೆ.

"ಸದ್ದಿಲ್ದಂಗೆ ಮಾಡಕ್ಕಾಗಲ್ವಾ?"

"ಆಗುತ್ತೆ. ಆದ್ರೆ ಅದಕ್ಕೆ ಲೈಟು ಇರಲ್ಲ, ಗಾಜಿರಲ್ಲ, ನೋಡಿದೋರು ಬಾಯಿ ಬಿಡಲ್ಲ."

"ನಮ್ಮ ಮನೆಗೆ ಅಂತ ಒಂದು ಅಂಥದ್ದು ಮಾಡಿ. ಅಪ್ಪಾಜಿಗೆ ನಾನು ಹೇಳ್ತೀನಿ," ಎಂದಳು. ಹೊರಡುವಾಗ ಮೆಟ್ಟಿಲಲ್ಲಿ ನಿಂತು, "ಅವರು ಪ್ಲೇಯರ್ ನೋಡಕ್ಕೆ ಬಂದಾಗ ಎರಡನ್ನೂ ತನ್ನಿ," ಎಂದು ಸೇರಿಸಿದಳು. ಅವಳ ಮನಸ್ಸಿನಲ್ಲಿ ಏನಿದೆಯೆಂದು ಆಗ ನನಗೆ ಹೊಳೆಯಲಿಲ್ಲ. ನನಗೆ ಬೇಕಾದ ಕೆಲಸವನ್ನು ಒಬ್ಬರಾದರೂ ಕೇಳಿದರಲ್ಲ ಎಂಬ ಸಂತೋಷವೇ ದೊಡ್ಡದಾಗಿತ್ತು.

ಎರಡನೆಯದಕ್ಕೆ ಅಂಗಡಿಯ ಅಟ್ಟದಲ್ಲಿದ್ದ ಸತ್ತ ಆಂಪ್ಲಿಫೈಯರೊಂದರ ಕಬ್ಬಿಣದ ಕ್ಯಾಬಿನೆಟ್ಟು ತೆಗೆದುಕೊಂಡೆ. ಟಿ.ವಿ. ಕೆಳಗೆ ಅಡ್ಡಲಾಗಿ ಕೂರುವಂಥದ್ದು. ಚಿಕ್ಕ ಬೋರ್ಡು, ಕಡಿಮೆ ಕರೆಂಟಿನ ಪ್ರೊಸೆಸರು, ಫ್ಯಾನೇ ಇಲ್ಲದ ಸಾದಾ ಗ್ರಾಫಿಕ್ಸ್ ಕಾರ್ಡು. ಪವರ್ ಸಪ್ಲೈಯನ್ನು ಒಳಗಿಡದೆ ಲ್ಯಾಪ್‌ಟಾಪಿನಂತೆ ಹೊರಗೆ ಅಡಾಪ್ಟರ್ ಕೊಟ್ಟೆ. ಒಂದೇ ಒಂದು ದೊಡ್ಡ ಫ್ಯಾನು, ಅದೂ ಸೋಮಾರಿಯಂತೆ ತಿರುಗುವುದು. ಓಡಿಸಿದಾಗ ಫ್ಯಾನಿನ ಸದ್ದು ಇರಲಿಲ್ಲ. ಹಾರ್ಡ್ ಡಿಸ್ಕಿನ ಸದ್ದು ಇತ್ತು. ಡಿಸ್ಕಿನ ನಡುಕ ಕಬ್ಬಿಣಕ್ಕೆ ಇಳಿದು ಡಬ್ಬವೆಲ್ಲ ಜೇನುಗೂಡಿನಂತೆ ಗುಂಯ್‌ಗುಟ್ಟುತ್ತಿತ್ತು. ರಬ್ಬರ್ ವಾಷರು ಹಾಕಿದೆ, ಕಡಿಮೆಯಾಗಲಿಲ್ಲ. ಥರ್ಮೋಕೋಲು ಇಟ್ಟೆ, ಬಿಸಿಗೆ ಮೆತ್ತಗಾಯಿತು.

ಆ ಭಾನುವಾರ ಅವ್ವನನ್ನು ನೋಡಲು ದೇವಸಮುದ್ರಕ್ಕೆ ಹೋದೆ. ನಮ್ಮದು ಕುರಿ ಸಾಕುವ ಮನೆ. ಮಲಗಲು ಹಾಸಿದ್ದ ಕಂಬಳಿಯನ್ನು ಕೈಯಲ್ಲಿ ಒತ್ತಿ ನೋಡುತ್ತ, ಇದರಲ್ಲಿ ಒಂದು ತುಂಡು ಕೊಡು ಎಂದೆ.

"ಯಾಕೇ?"

"ಕಂಪ್ಯೂಟರ್ ಒಳಗೆ ಹಾಸಕ್ಕೆ."

"ಅದಕ್ಕೂ ಚಳಿಯೇನೇ? ಇಷ್ಟು ಓದಿ ಡಬ್ಬಕ್ಕೆ ಕಂಬಳಿ ಹೊದ್ಸೋ ಕೆಲಸ ಹಿಡಿದ್ಯಾ?" ಎಂದು ಅವ್ವ ನಕ್ಕು, ಹಳೆಯ ಕಂಬಳಿಯ ಅಂಚನ್ನು ಕತ್ತರಿಸಿ ಕೊಟ್ಟಳು.

ಕಂಬಳಿಯನ್ನು ಮಡಿಸಿ ಡಿಸ್ಕನ್ನು ಅದರಲ್ಲಿ ಸುತ್ತಿ ಇಟ್ಟೆ. ಸದ್ದು ಪೂರ್ತಿ ನಿಂತಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಒಂದು ಟೀ ತರಿಸಿ ಕುಡಿದೆ. ಒಂದು ಸಿನಿಮಾ ಓಡಿಸಿ ಡಿಸ್ಕನ್ನು ಮುಟ್ಟಿದರೆ ಕೈ ಚುರ್ ಎಂದಿತು. ಮನುಷ್ಯರ ಬಿಸಿಯನ್ನು ಹೊರಬಿಡದ ಕಂಬಳಿ ಡಿಸ್ಕಿನ ಬಿಸಿಯನ್ನು ಬಿಡುತ್ತದೆಯೇ? ಅಳಿಯನನ್ನು ದಡ್ಡನೆಂದು ಬೈಯುತ್ತಿದ್ದವಳು ಒಂದು ಹೊಸ ಡಿಸ್ಕನ್ನು ಬೇಯಿಸುವುದರಲ್ಲಿದ್ದೆ. ಸುತ್ತಿದ್ದನ್ನು ಬಿಚ್ಚಿ, ಕಂಬಳಿಯನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಎರಡು ಅಂಚಿಗಷ್ಟೇ ಆಸರೆ ಕೊಟ್ಟು, ನಡುವೆ ಗಾಳಿ ಆಡುವಂತೆ ಡಿಸ್ಕನ್ನು ಕೂರಿಸಿದೆ. ಉಣ್ಣೆಯ ಎಳೆ ಬೋರ್ಡಿಗೆ ತಾಗಿದರೆ ಕಿಡಿ ಹಾರುವ ಭಯವಿತ್ತು, ಅದಕ್ಕೊಂದು ತಗಡಿನ ಮರೆ ಮಾಡಿದೆ. ಮತ್ತೆ ಓಡಿಸಿದೆ. ಡಿಸ್ಕು ಬೆಚ್ಚಗಿತ್ತು. ಸದ್ದು ಕಿವಿಗೆ ಸಿಗಲಿಲ್ಲ.

ಎರಡು ಪ್ಲೇಯರನ್ನೂ ಸಾಹುಕಾರರ ಮನೆಗೆ ಒಯ್ದು, ಚಿಕ್ಕದನ್ನು ಅವರ ಹೊಸ ಎಲ್.ಸಿ.ಡಿ. ಟಿ.ವಿ.ಗೆ ಜೋಡಿಸಿದಾಗ ಚಿತ್ರದ ಅಂಚು ನಾಲ್ಕೂ ಕಡೆ ಕತ್ತರಿಸಿ ಬಂತು. ಟಿ.ವಿ.ಯ ಅಳತೆ ಒಂದು, ಕಂಪ್ಯೂಟರು ಕಳಿಸುವ ಅಳತೆ ಇನ್ನೊಂದು. ಎರಡನ್ನೂ ಹೊಂದಿಸುವುದರಲ್ಲಿ ಒಂದು ಬೆಳಗು ಕಳೆಯಿತು. ಯು.ಪಿ.ಎಸ್.ನ ಗೊಣಗಾಟ ಬೇಡವೆಂದು ಅದನ್ನು ಪಕ್ಕದ ಕೋಣೆಗೆ ಸಾಗಿಸಿ ಗೋಡೆಯಲ್ಲಿ ವೈರು ತೂರಿಸಿದೆ. ಮಗಳು ಎಲ್ಲವನ್ನೂ ನೋಡುತ್ತ ಕುಳಿತಿದ್ದಳು. ಕೊನೆಗೆ ಒಂದು ಡಿ.ವಿ.ಡಿ. ತಂದು ಕೊಟ್ಟಳು. ಅವಳ ನಿಶ್ಚಿತಾರ್ಥದ ವಿಡಿಯೋ.

"ಇದನ್ನ ಎರಡರಲ್ಲೂ ತುಂಬಿ ಅಕ್ಕಾ."

ಅಳಿಯ ತನ್ನ ಚಿಕ್ಕಪ್ಪನ ಜೊತೆ ಬಂದ. ಮನೆಯ ಮುಂದೆ ಅವರ ದೊಡ್ಡ ವಾಹನ ನಿಂತಿತು, ಹಿಂದೆಯೇ ಧೂಳು ಒಳಗೆ ಬಂತು. ಸಾಹುಕಾರರು ಬಾಗಿಲವರೆಗೆ ಓಡಿದರು. ಅಳಿಯನಿಗೆ ನನ್ನನ್ನು ತೋರಿಸಿದಾಗ, "ಓ, ಮೆಕ್ಯಾನಿಕ್ ಮೇಡಂ!" ಎಂದು ಚಿಕ್ಕಪ್ಪನ ಕಡೆ ಕಣ್ಣು ಹೊಡೆದ. ನೀಲಿ ಡಬ್ಬ ಹಚ್ಚಿದೆ. ಅವನು ಅದನ್ನು ಕುದುರೆಯ ಬೆನ್ನು ತಟ್ಟಿದಂತೆ ತಟ್ಟಿದ.

ತಾನು ತಂದಿದ್ದ ಸಿನಿಮಾ ಹಾಕಿಸಿದ. ಕಾರು ಸಿಡಿಯುವ ಕಡೆ ನಿಲ್ಲಿಸಿದ, ಮತ್ತೆ ಇನ್ನೊಂದು ಕಾರು ಸಿಡಿಯುವ ಕಡೆಗೆ ಹಾರಿದ. ಕಥೆಯಲ್ಲಿ ಯಾರು ಸತ್ತರು, ಯಾಕೆ ಸತ್ತರು ಎಂಬುದು ಅವನಿಗೆ ಬೇಕಿರಲಿಲ್ಲ. ಅಷ್ಟು ದುಬಾರಿ ಯಂತ್ರದಿಂದ ಅವನು ಪಡೆದದ್ದು ನಾಲ್ಕು ಢಮ್ಮು. ಸಾಹುಕಾರರು ಒಂದೊಂದು ಢಮ್ಮಿಗೂ ತಲೆಯಾಡಿಸಿದರು.

"ಇದೊಂದು ಚಿಕ್ಕದು ಐತೆ, ಇದನ್ನೂ ನೋಡಿಬಿಡಿ," ಎಂದಳು ಮಗಳು. "ಇದ್ರಾಗೆ ನಿಶ್ಚಿತಾರ್ಥದ ವಿಡಿಯೋ ಹಾಕಿ. ಮಾತು ಎಷ್ಟು ಚೆನ್ನಾಗಿ ಕೇಳ್ಸುತ್ತೆ ಅಂತ ಗೊತ್ತಾಗುತ್ತೆ."

ಡಬ್ಬ ಆಫ್ ಮಾಡಿ ಚಿಕ್ಕದನ್ನು ಹಚ್ಚಿದೆ. ಹಾಲ್‌ನಲ್ಲಿ ಒಮ್ಮೆಲೇ ನಿಶ್ಶಬ್ದ ಇಳಿಯಿತು. ತೆರೆಯ ಮೇಲೆ ಮುತ್ತೈದೆಯರು ಹಾಡುತ್ತಿದ್ದರು, ಬಳೆಯ ಸದ್ದು ಸಹ ಬಿಡಿಬಿಡಿಯಾಗಿ ಕೇಳುತ್ತಿತ್ತು. ಮೊಳಕಾಲ್ಮೂರು ಸೀರೆ ಉಟ್ಟ ಅವಳು ನಡೆದು ಬಂದು ಮಣೆಯ ಮೇಲೆ ಕುಳಿತಳು. ಅಷ್ಟರಲ್ಲಿ ಅಳಿಯ ನನ್ನ ಕೈಯಿಂದ ರಿಮೋಟು ತೆಗೆದುಕೊಂಡು ವಿಡಿಯೋವನ್ನು ಮುಂದಕ್ಕೆ ಓಡಿಸತೊಡಗಿದ.

ತೆರೆಯ ಮೇಲೆ ಅವಳ ತಲೆ ಗೊಂಬೆಯಂತೆ ಚಕಚಕನೆ ಅಲುಗಿತು. ಯಾರೋ ಕುಂಕುಮ ಇಟ್ಟರು, ಮಡಿಲು ತುಂಬಿದರು, ಆರತಿ ಎತ್ತಿದರು. ಎಲ್ಲವೂ ಗಾಳಿಗೆ ಸಿಕ್ಕ ಹಾಳೆಯಂತೆ ಹಾರಿಹೋಯಿತು. ನಿಂತದ್ದು ಕೊನೆಯಲ್ಲಿ. ಛತ್ರದ ಹೊರಗೆ ಅವನು ತನ್ನ ಹೊಸ ಕಾರಿಗೆ ಒರಗಿ, ಕೂಲಿಂಗ್ ಗ್ಲಾಸು ಹಾಕಿ ನಿಂತಿದ್ದ ಜಾಗದಲ್ಲಿ.

"ಇಲ್ಲಿ ನೋಡು ಚಿಕ್ಕಪ್ಪಾ!" ಎಂದ. ಅದನ್ನು ಪೂರ್ತಿ ನೋಡಿದ. ಹಿಂದಕ್ಕೆ ಹಾಕಿ ಮತ್ತೊಮ್ಮೆ ನೋಡಿದ. ಅವನ ಪಕ್ಕದ ಸೋಫಾದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಅವಳು ಕುಳಿತಿದ್ದಳು. ನಾನು ಅವಳ ಮುಖ ನೋಡಿದೆ. ಸಿಟ್ಟು ಇರಲಿಲ್ಲ. ಲೆಕ್ಕ ಬಿಡಿಸಿ, ಉತ್ತರ ಸಿಕ್ಕಿ, ಸೀಮೆಸುಣ್ಣ ಕೆಳಗಿಟ್ಟವಳ ಮುಖವಾಗಿತ್ತು ಅದು.

"ಇದು ಸಪ್ಪೆ. ಲೈಟೇ ಇಲ್ಲ," ಎಂದ ಅಳಿಯ ರಿಮೋಟನ್ನು ಮೇಜಿನ ಮೇಲೆ ಎಸೆದು. "ಅದನ್ನೇ ಪ್ಯಾಕ್ ಮಾಡ್ಸಿ ಮಾವಾ."

"ಆಗ್ಲಿ ಆಗ್ಲಿ," ಎಂದರು ಸಾಹುಕಾರರು.

ಮಗಳು ಎದ್ದು ನಿಂತಳು. "ಅಪ್ಪಾಜಿ, ಅದನ್ನ ಅವರಿಗೆ ಕೊಟ್ಟು ಕಳ್ಸಿ. ಮಾತು ಕೊಟ್ಟಿದ್ದೀರಿ. ನಾನು ಮಾತ್ರ ಹೋಗಲ್ಲ."

ಯಾರಿಗೂ ಅರ್ಥವಾಗಲಿಲ್ಲ. ಅಳಿಯನಂತೂ, "ಎಲ್ಲಿಗೆ?" ಎಂದು ಕೇಳಿದ.

"ಬಳ್ಳಾರಿಗೆ," ಎಂದು ಹೇಳಿ ಅವಳು ಒಳಗೆ ಹೋದಳು.

ಆಮೇಲಿನ ಕೂಗಾಟವನ್ನು ವಿವರಿಸುವುದಿಲ್ಲ. ಮರ್ಯಾದೆ ಎಂಬ ಶಬ್ದವನ್ನು ಆ ಚಿಕ್ಕಪ್ಪ ಎಷ್ಟು ಸಲ ಉಪಯೋಗಿಸಿದರೆಂದರೆ ಅದು ಅವರ ಲಾರಿಯೊಂದರ ಹೆಸರಿರಬೇಕು ಅನ್ನಿಸಿತು. ಸಾಹುಕಾರರು ಒಳಬಾಗಿಲಿಗೂ ಹೊರಬಾಗಿಲಿಗೂ ಓಡಾಡಿದರು. ಮಗಳು ಬಾಗಿಲು ತೆರೆಯಲಿಲ್ಲ. ಕೊನೆಗೆ ಬಳ್ಳಾರಿಯವರು ಎದ್ದು ಹೊರಟರು, ಈ ಮನೆಯ ನೀರೂ ಬೇಡ ಎಂದರು. ಹಾಗೆ ಅನ್ನುತ್ತಲೇ ಅವರ ಡ್ರೈವರು ಒಳಗೆ ಬಂದು ನೀಲಿ ಡಬ್ಬವನ್ನು ಎತ್ತಿಕೊಂಡ. ತಡೆಯುವವರು ಯಾರೂ ಇರಲಿಲ್ಲ, ನಾನು ತಡೆಯುವ ಮನಸ್ಸೇ ಮಾಡಲಿಲ್ಲ. "ಮೆತ್ತಗೆ ಇಡಲೇ, ಗಾಜು ಐತೆ," ಎಂದು ಚಿಕ್ಕಪ್ಪ ಹೇಳಿದ್ದು ಬಾಗಿಲಾಚೆಯಿಂದ ಕೇಳಿಸಿತು.

ನನ್ನ ಬದುಕಿನಲ್ಲಿ ಅವರಿಗಿಂತ ಸಣ್ಣ ಮನುಷ್ಯರನ್ನು ನೋಡಿಲ್ಲ.

ಪರಿಣಾಮ ನನಗೂ ತಟ್ಟಿತು. ಮಿಲ್ಲಿನ ಕೆಲಸ ನಿಂತಿತು. ಬೇರೆಯವರನ್ನು ನೋಡಿಕೊಂಡಿದ್ದೇವೆ ಎಂದು ಗುಮಾಸ್ತ ಹೇಳಿ ಕಳಿಸಿದ. ಕಂಪ್ಯೂಟರ್ ಅಂಗಡಿಯವಳು ಹುಡುಗಿಯ ತಲೆ ಕೆಡಿಸಿದಳು ಎಂದು ಬಜಾರಿನಲ್ಲಿ ಆಡಿಕೊಂಡರು. ಗಣಿತ ಕಲಿಸುವ ಹುಡುಗಿಗೆ ಸ್ವಂತ ತಲೆಯಿರಬಹುದು ಎಂಬುದು ಒಬ್ಬನಿಗೂ ತೋಚಲಿಲ್ಲ. ತಲೆ ಕೆಡಿಸಲು ಯಾರೋ ಒಬ್ಬರು ಬೇಕೇ ಬೇಕಿತ್ತು. ನಾನು ತಳಕು ಊರಿನ ಕಡೆಯ ಶಾಲೆಗಳ ಕಂಪ್ಯೂಟರ್ ರಿಪೇರಿ ಹಿಡಿದು, ಬಸ್ಸಿನಲ್ಲಿ ಟೂಲ್‌ಬ್ಯಾಗು ಹೊತ್ತು ಓಡಾಡಿ ಅಂಗಡಿಯ ಬಾಡಿಗೆ ಕಟ್ಟಿದೆ. ಯಾರ ಮುಂದೆಯೂ ಸಮಜಾಯಿಷಿ ಕೊಡಲು ಹೋಗಲಿಲ್ಲ. ಹಾಗೆ ಆಡಿಕೊಳ್ಳುವವರಿಗೆ ವಿವರಿಸುವುದು ಅವರಿಗೆ ಕೊಡುವ ಮರ್ಯಾದೆ, ಅಷ್ಟು ಮರ್ಯಾದೆ ನನ್ನಲ್ಲಿರಲಿಲ್ಲ.

ಮುಂಗಾರು ಕಳೆದ ಮೇಲೆ ಒಂದು ಮಧ್ಯಾಹ್ನ ಸಾಹುಕಾರರು ಅಂಗಡಿಗೆ ಬಂದರು. ಮೆಟ್ಟಿಲ ಮೇಲೆ ನಿಂತು ಕೂಗಲಿಲ್ಲ. ಜಗಳಕ್ಕೆ ಬಂದಿದ್ದಾರೆಂದು ನಾನೂ ನಾಲ್ಕು ಮಾತು ಸಿದ್ಧ ಮಾಡಿಕೊಂಡೆ.

"ಅವಳು ಕಾಲೇಜಿಗೆ ಹೋಗ್ಯಾಳೆ," ಎಂದರು. "ಆ ಚಿಕ್ಕ ಪ್ಲೇಯರ್ ನಂಗೆ ಹಚ್ಚಕ್ಕೆ ಬರಲ್ಲ. ಒಂದು ಗಳಿಗೆ ಬರ್ತೀಯೇನಮ್ಮ?"

ಹೋದೆ. ಯಾವ ಸಿನಿಮಾ ಎಂದು ಕೇಳಿದೆ.

"ಸಿನಿಮಾ ಅಲ್ಲ. ನಿಶ್ಚಿತಾರ್ಥದ್ದು. ಅವತ್ತು ಅವನು ಓಡಿಸಿದ್ನಲ್ಲ, ಆ ಭಾಗ. ಅದರಾಗೆ ಏನಿತ್ತು ನೋಡ್ಬೇಕು."

ಹಚ್ಚಿದೆ. ಸಾಹುಕಾರರು ಸೋಫಾದ ತುದಿಯಲ್ಲಿ, ಬೇರೆಯವರ ಮನೆಯಲ್ಲಿ ಕುಳಿತಂತೆ ಕುಳಿತರು. ಮಗಳು ಮಣೆಯ ಮೇಲೆ ಕುಳಿತಳು. ಹೆಂಗಸರು ಕುಂಕುಮ ಇಟ್ಟರು, ಮಡಿಲು ತುಂಬಿದರು. ಒಬ್ಬಾಕೆ ಅವಳ ಗಲ್ಲ ಹಿಡಿದು ಏನೋ ಹೇಳಿದಳು. ಅವಳು ತಲೆಯೆತ್ತಿ, ಆ ಜನರ ನಡುವೆ ಯಾರನ್ನೋ ಹುಡುಕಿದಳು. ವಿಡಿಯೋದವನು ಏನು ತಿಳಿದನೋ, ಅವಳು ನೋಡುತ್ತಿದ್ದ ಕಡೆಗೇ ಕ್ಯಾಮೆರಾ ತಿರುಗಿಸಿದ್ದ. ಅಲ್ಲಿ ಸಾಹುಕಾರರಿದ್ದರು. ಮಗಳಿಗೆ ಬೆನ್ನು ಹಾಕಿ, ಆ ಚಿಕ್ಕಪ್ಪನ ಎರಡೂ ಕೈ ಹಿಡಿದುಕೊಂಡು, ಅವರು ಹೇಳಿದ ಯಾವುದೋ ಮಾತಿಗೆ ಬಾಗಿ ಬಾಗಿ ನಗುತ್ತಿದ್ದರು. ಕ್ಯಾಮೆರಾ ಮತ್ತೆ ಅವಳ ಕಡೆ ತಿರುಗುವಷ್ಟರಲ್ಲಿ ಅವಳು ತಲೆ ತಗ್ಗಿಸಿದ್ದಳು.

ಕೋಣೆಯಲ್ಲಿ ಯಾವ ಸದ್ದೂ ಇರಲಿಲ್ಲ. ಸಾಹುಕಾರರ ಉಸಿರು ನನಗೆ ಕೇಳಿಸುತ್ತಿತ್ತು.

"ನನ್ನ ಕರೆದ್ಲೇನಮ್ಮ ಆಗ?" ಎಂದರು.

ಬಾಯಿಗೆ ಬಂದ ಚೂಪಾದ ಉತ್ತರವೊಂದಿತ್ತು. ಅದನ್ನು ಹೇಳಿಬಿಡುವ ಆಸೆಯೂ ಇತ್ತು. ಹೇಳಲಿಲ್ಲ. "ಮಾತಲ್ಲಿ ಕರೆದಿಲ್ಲ," ಎಂದೆ.

ತೆರೆಯ ಮೇಲೆ ಅಳಿಯ ಕಾರಿಗೆ ಒರಗಿ ನಿಂತದ್ದು ಬಂತು, ಹೋಯಿತು. ಸಾಹುಕಾರರ ಕಣ್ಣು ಅದರ ಮೇಲಿರಲಿಲ್ಲ.

"ಹಿಂದಕ್ಕೆ ಹಾಕಮ್ಮ," ಎಂದರು. "ಅವಳು ತಲೆ ಎತ್ತೋ ಕಡೆಗೆ."

ಹಾಕಿದೆ.